ನೂರು ದಾಳಿಗಳ ಪೈಲಟ್: ಲೆನಾರ್ಡ್ ಚೆಶೈರ್ ಅವರಿಗೆ ವಿಕ್ಟೋರಿಯಾ ಕ್ರಾಸ್ ದೊರೆತದ್ದೇಕೆ?

ಆಪರೇಷನ್ ಸಿಂಧೂರದ ನಂತರ ವಾಯುದಾಳಿ, ನಿಖರ ಗುರಿ, ಶೌರ್ಯ ಪದಕ ಎಂಬ ಮಾತುಗಳು ನಮ್ಮ ಪತ್ರಿಕೆಗಳಲ್ಲೂ ಟಿವಿ ಚರ್ಚೆಗಳಲ್ಲೂ ಮತ್ತೆ ಮತ್ತೆ ಕೇಳಿಬರುತ್ತಿವೆ. 2025ರ ಸ್ವಾತಂತ್ರ್ಯೋತ್ಸವದ ವೇಳೆಗೆ ವಾಯುಪಡೆಯ ಪೈಲಟ್‌ಗಳಿಗೆ ವೀರ ಚಕ್ರ ಘೋಷಣೆಯಾದಾಗ, ಆಕಾಶದಿಂದ ನೆಲದ ಮೇಲಿನ ಒಂದು ಕಟ್ಟಡಕ್ಕೆ ಬಾಂಬ್ ಹಾಕುವುದು ಎಷ್ಟು ಕಷ್ಟ, ಅದರಲ್ಲಿ ಶೌರ್ಯವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಓದುಗರಲ್ಲಿ ಮೂಡುವುದು ಸಹಜ. ಇಂದಿನ ಕಾರ್ಯಾಚರಣೆಗಳ ವಿವರಗಳು ಬಹುಪಾಲು ಗೋಪ್ಯವಾಗಿಯೇ ಉಳಿಯುತ್ತವೆ. ಎರಡನೇ ಮಹಾಯುದ್ಧದ ದಾಖಲೆಗಳಾದರೋ ಎಲ್ಲರ ಓದಿಗೆ ತೆರೆದುಕೊಂಡಿವೆ. ಆ ಯುದ್ಧದಲ್ಲಿ ಬ್ರಿಟನ್ನಿನ ಅತಿ ಹೆಚ್ಚು ಪದಕ ಪಡೆದ ಬಾಂಬರ್ ಪೈಲಟ್‌ಗಳಲ್ಲಿ ಒಬ್ಬರಾದ ಲೆನಾರ್ಡ್ ಚೆಶೈರ್ ಅವರ ಜೀವನವನ್ನು ಹಂತ ಹಂತವಾಗಿ ನೋಡಿದರೆ ಈ ಎರಡೂ ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರ ಸಿಗುತ್ತದೆ.

## ಬಾಂಬರ್ ವಿಮಾನದೊಳಗೆ ಯಾರಿರುತ್ತಿದ್ದರು?

ಯುದ್ಧವಿಮಾನಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಶತ್ರುವಿನ ವಿಮಾನವನ್ನು ಆಕಾಶದಲ್ಲೇ ಎದುರಿಸುವ, ವೇಗವಾಗಿ ತಿರುಗಬಲ್ಲ ಚಿಕ್ಕ ವಿಮಾನ ಫೈಟರ್. ನೆಲದ ಮೇಲಿನ ಕಾರ್ಖಾನೆ, ಸೇತುವೆ, ರೈಲು ನಿಲ್ದಾಣಗಳ ಮೇಲೆ ಬಾಂಬ್ ಹಾಕಲು ದೂರದವರೆಗೆ ಭಾರ ಹೊತ್ತು ಹೋಗುವ ದೊಡ್ಡ ವಿಮಾನ ಬಾಂಬರ್. ಅಂದಿನ ಬ್ರಿಟಿಷ್ ವಾಯುಪಡೆಯ ಪ್ರಮುಖ ಬಾಂಬರ್ ಆದ ನಾಲ್ಕು ಎಂಜಿನ್‌ಗಳ ಲ್ಯಾಂಕಾಸ್ಟರ್‌ನಲ್ಲಿ ಸಾಮಾನ್ಯವಾಗಿ ಏಳು ಜನರಿರುತ್ತಿದ್ದರು. ಪೈಲಟ್, ಎಂಜಿನ್‌ಗಳನ್ನು ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರ್, ನಕ್ಷೆ ಹಿಡಿದು ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ರೇಡಿಯೊ ನಿರ್ವಾಹಕ, ಮೂತಿಯ ಭಾಗದಲ್ಲಿ ಮಲಗಿ ಗುರಿ ನೋಡಿ ಬಾಂಬ್ ಬಿಡುವವನು, ಬೆನ್ನಿನ ಮೇಲೊಬ್ಬ ಮತ್ತು ಬಾಲದಲ್ಲೊಬ್ಬ ಗನ್ನರ್. ಪೈಲಟ್ ಒಂದು ತಪ್ಪು ಮಾಡಿದರೆ ಏಳು ಜೀವಗಳು ಹೋಗುತ್ತಿದ್ದವು.

ಈ ವಿಮಾನಗಳನ್ನು ನಡೆಸುತ್ತಿದ್ದ ವಿಭಾಗದ ಹೆಸರು ಬಾಂಬರ್ ಕಮಾಂಡ್. ಅದರಲ್ಲಿ ಹಾರಿದವರು ಸುಮಾರು 1,25,000 ಮಂದಿ, ಮಡಿದವರು 55,573 ಮಂದಿ. ನೂರು ಜನ ಸೇರಿದರೆ ನಲವತ್ತನಾಲ್ಕು ಜನ ಸತ್ತರು ಎಂಬ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು. ಒಬ್ಬ ಪೈಲಟ್ 30 ದಾಳಿಗಳನ್ನು ಮುಗಿಸಿದರೆ ಅದಕ್ಕೆ ಒಂದು 'ಟೂರ್' ಎಂದು ಹೆಸರು. ಅದು ಮುಗಿದ ಮೇಲೆ ಕೆಲಕಾಲ ತರಬೇತಿ ಕೊಡುವಂಥ ಅಪಾಯವಿಲ್ಲದ ಕೆಲಸಕ್ಕೆ ಕಳುಹಿಸುತ್ತಿದ್ದರು. ಎರಡನೆಯ ಟೂರ್ ಸಾಮಾನ್ಯವಾಗಿ 20 ದಾಳಿಗಳದ್ದು. ಅದನ್ನೂ ದಾಟಿದವನನ್ನು ಮತ್ತೆ ಹಾರೆಂದು ಒತ್ತಾಯಿಸುವಂತಿರಲಿಲ್ಲ. ಚೆಶೈರ್ ನೂರು ಮುಗಿಸಿದರು.

## ರಾತ್ರಿ ಹಾಕಿದ ಬಾಂಬ್ ಗುರಿ ತಪ್ಪುತ್ತಿದ್ದುದೇಕೆ?

ಹಗಲಿನಲ್ಲಿ ಹೋದರೆ ಜರ್ಮನ್ ಫೈಟರ್‌ಗಳು ಹೊಡೆದುರುಳಿಸುತ್ತಿದ್ದುದರಿಂದ ಬ್ರಿಟಿಷರು ಯುದ್ಧದ ಮೊದಲ ವರ್ಷಗಳಲ್ಲೇ ರಾತ್ರಿ ದಾಳಿಯನ್ನು ಆಯ್ದುಕೊಂಡರು. ಕೆಳಗೆ ಊರುಗಳೆಲ್ಲ ದೀಪ ಆರಿಸಿರುತ್ತಿದ್ದವು, ನಡುವೆ ಮೋಡ, ಮೇಲೆ ದಿಕ್ಕು ತಪ್ಪಿಸುವ ಗಾಳಿ. ಇವುಗಳ ಜೊತೆಗೆ ಭೌತಶಾಸ್ತ್ರದ ಒಂದು ತೊಡಕೂ ಇದೆ. ಬಿಟ್ಟ ಬಾಂಬ್ ನೇರವಾಗಿ ಕೆಳಗೆ ಬೀಳುವುದಿಲ್ಲ. ಓಡುವ ಬಸ್ಸಿನ ಕಿಟಕಿಯಿಂದ ಕೈಬಿಟ್ಟ ಕಲ್ಲು ಬಸ್ಸಿನ ದಿಕ್ಕಿನಲ್ಲೇ ಮುಂದೆ ಹೋಗಿ ಬೀಳುವಂತೆ, ಬಾಂಬ್ ಕೂಡ ವಿಮಾನದ ವೇಗವನ್ನು ಹೊತ್ತುಕೊಂಡೇ ಇಳಿಯುತ್ತದೆ. ಗಂಟೆಗೆ ಸುಮಾರು 320 ಕಿ.ಮೀ. ವೇಗದಲ್ಲಿ, 18,000 ಅಡಿ ಎತ್ತರದಿಂದ ಬಿಟ್ಟ ಬಾಂಬ್ ನೆಲ ಮುಟ್ಟಲು ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಅದು 3 ಕಿ.ಮೀ.ನಷ್ಟು ಮುಂದೆ ಸಾಗಿರುತ್ತದೆ. ಅಂದರೆ ಗುರಿಯ ತಲೆಯ ಮೇಲೆ ಬಂದಾಗ ಬಾಂಬ್ ಬಿಟ್ಟರೆ ಅದು ಪಕ್ಕದ ಊರಿಗೆ ಬೀಳುತ್ತದೆ. ವೇಗ, ಎತ್ತರ, ಗಾಳಿ ಈ ಮೂರರಲ್ಲಿ ಯಾವುದನ್ನು ಸ್ವಲ್ಪ ತಪ್ಪಾಗಿ ಅಳೆದರೂ ನೂರಾರು ಗಜಗಳ ವ್ಯತ್ಯಾಸವಾಗುತ್ತದೆ.

1941ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರದ ಮುಂದೆ ಬಂದ ಬಟ್ ವರದಿ ಇದನ್ನು ಅಂಕಿಗಳಲ್ಲಿ ತೋರಿಸಿತು. ದಾಳಿಯ ವೇಳೆ ವಿಮಾನದಿಂದಲೇ ತೆಗೆದ ಚಿತ್ರಗಳನ್ನು ಪರಿಶೀಲಿಸಿದಾಗ, ಗುರಿ ಮುಟ್ಟಿದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯ ಐದು ಮೈಲಿಯೊಳಗೆ ಹೋಗಿತ್ತೆಂದು ತಿಳಿಯಿತು. ಹೊಗೆ ಕವಿದ ರೂರ್ ಕೈಗಾರಿಕಾ ಪ್ರದೇಶದಲ್ಲಿ ಇದು ಹತ್ತಕ್ಕೆ ಒಂದು. ಕಾರ್ಖಾನೆಯನ್ನು ಹೊಡೆಯಲು ಆಗದಿದ್ದರೆ ಕಾರ್ಖಾನೆಯಿರುವ ನಗರವನ್ನೇ ಹೊಡೆಯುವುದು ಎಂಬ ನೀತಿ 1942ರಿಂದ ಬಲಗೊಂಡದ್ದು ಈ ಹಿನ್ನೆಲೆಯಲ್ಲಿ. ಆ ನೀತಿಯಿಂದ ಜರ್ಮನಿಯಲ್ಲಿ ಲಕ್ಷಾಂತರ ನಾಗರಿಕರು ಸತ್ತರು, ಅದರ ನ್ಯಾಯಾನ್ಯಾಯದ ಚರ್ಚೆ ಇಂದಿಗೂ ಮುಗಿದಿಲ್ಲ. ಚೆಶೈರ್ ಅವರು ಕೂಡ ನಗರಗಳ ಮೇಲಿನ ದಾಳಿಗಳಲ್ಲಿ ಹಾರಿದವರೇ. ಅವರ ಹೆಸರು ಬೇರೆಯಾಗಿ ಉಳಿದದ್ದು ಬಾಂಬನ್ನು ಕಾರ್ಖಾನೆಯ ಗೋಡೆಯೊಳಗೇ ಬೀಳಿಸುವ ದಾರಿಯನ್ನು ಹುಡುಕಿದ್ದರಿಂದ.

## ಕಾನೂನು ವಿದ್ಯಾರ್ಥಿ ಪೈಲಟ್ ಆದದ್ದು

ಜೆಫ್ರಿ ಲೆನಾರ್ಡ್ ಚೆಶೈರ್ ಹುಟ್ಟಿದ್ದು 1917ರ ಸೆಪ್ಟೆಂಬರ್ 7ರಂದು, ಇಂಗ್ಲೆಂಡಿನ ಚೆಸ್ಟರ್‌ನಲ್ಲಿ. ತಂದೆ ಆಕ್ಸ್‌ಫರ್ಡ್‌ನಲ್ಲಿ ಹೆಸರಾಂತ ಕಾನೂನು ಪ್ರಾಧ್ಯಾಪಕರು. ಮಗನೂ ಅಲ್ಲಿನ ಮರ್ಟನ್ ಕಾಲೇಜಿನಲ್ಲಿ ಕಾನೂನನ್ನೇ ಓದಿದರು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆಂದೇ ಇದ್ದ ವಾಯುದಳದಲ್ಲಿ ವಿಮಾನ ನಡೆಸುವುದನ್ನು ಕಲಿತಿದ್ದರಿಂದ ಯುದ್ಧ ಆರಂಭವಾದೊಡನೆ ವಾಯುಪಡೆಗೆ ಸೇರುವುದು ಸುಲಭವಾಯಿತು. 1940ರ ಜೂನ್‌ನಲ್ಲಿ ಅವರನ್ನು ಯಾರ್ಕ್‌ಷೈರಿನ ಡ್ರಿಫೀಲ್ಡ್‌ನಲ್ಲಿದ್ದ 102ನೇ ಸ್ಕ್ವಾಡ್ರನ್‌ಗೆ, ಅಂದರೆ ವಿಮಾನ ತುಕಡಿಗೆ, ಕಳುಹಿಸಿದರು. ಅಲ್ಲಿದ್ದುದು ವಿಟ್ಲಿ ಎಂಬ ನಿಧಾನಗತಿಯ ಎರಡು ಎಂಜಿನ್‌ಗಳ ಬಾಂಬರ್.

ಅದೇ ವರ್ಷದ ನವೆಂಬರ್ 12ರ ರಾತ್ರಿ ಕಲೋನ್ ಕಡೆಗಿನ ದಾಳಿಯಲ್ಲಿ ಅವರ ವಿಟ್ಲಿಗೆ ವಿಮಾನ ನಿರೋಧಕ ತೋಪಿನ ಗುಂಡು ತಗುಲಿತು. ಒಳಗಿದ್ದ ಬೆಳಕಿನ ಬತ್ತಿಯೊಂದು, ಅಂದರೆ ನೆಲವನ್ನು ಬೆಳಗಿಸಲು ಕೆಳಗೆ ಹಾಕುವ ಫ್ಲೇರ್, ವಿಮಾನದೊಳಗೇ ಸಿಡಿಯಿತು. ಒಡಲಿನ ಒಂದು ಪಕ್ಕ ಹಲವು ಅಡಿ ಉದ್ದಕ್ಕೆ ಹರಿದು ತೆರೆದುಕೊಂಡಿತು, ಒಳಗೆ ಬೆಂಕಿ ಹತ್ತಿತು, ರೇಡಿಯೊ ನಿರ್ವಾಹಕ ತೀವ್ರವಾಗಿ ಸುಟ್ಟುಕೊಂಡೂ ತನ್ನ ಕೆಲಸ ಬಿಡಲಿಲ್ಲ. ಸಿಬ್ಬಂದಿ ಬೆಂಕಿ ಆರಿಸಿದರು, ಚೆಶೈರ್ ಆ ಸೀಳಿದ ವಿಮಾನವನ್ನು ಗಂಟೆಗಟ್ಟಲೆ ಹಾರಿಸಿ ಇಂಗ್ಲೆಂಡಿಗೆ ತಂದಿಳಿಸಿದರು. ಇದಕ್ಕಾಗಿ ಅವರಿಗೆ ಡಿಎಸ್‌ಒ ಎಂಬ ಪದಕ ಬಂತು. ಸಾಮಾನ್ಯವಾಗಿ ತುಕಡಿಯ ಮುಖ್ಯಸ್ಥರಿಗೆ ಮೀಸಲಾಗಿದ್ದ ಈ ಪದಕ ಕೆಳದರ್ಜೆಯ ಅಧಿಕಾರಿಗೆ ಸಿಕ್ಕಿತೆಂದರೆ, ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್‌ಗೆ ಕೂದಲೆಳೆಯಷ್ಟೇ ಕಡಿಮೆ ಎಂದು ಸೇನೆಯಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದರು.

1941ರಲ್ಲಿ ಅವರು 35ನೇ ಸ್ಕ್ವಾಡ್ರನ್‌ನಲ್ಲಿ ನಾಲ್ಕು ಎಂಜಿನ್‌ಗಳ ಹ್ಯಾಲಿಫ್ಯಾಕ್ಸ್ ವಿಮಾನಕ್ಕೆ ಬದಲಾದರು. ಅದೇ ವರ್ಷ ಬಾಂಬರ್ ಪೈಲಟ್ ಆಗಿದ್ದ ತಮ್ಮ ಕ್ರಿಸ್ಟೋಫರ್ ಬರ್ಲಿನ್ ದಾಳಿಯಲ್ಲಿ ಉರುಳಿ ಜರ್ಮನರ ಕೈದಿಯಾದರು. ಅಣ್ಣ ಹಾರುವುದನ್ನು ನಿಲ್ಲಿಸಲಿಲ್ಲ.

## ಸ್ಕ್ವಾಡ್ರನ್ನಿನ ಹೊಣೆ

1942ರ ಆಗಸ್ಟ್‌ನಲ್ಲಿ, ಇನ್ನೂ 25 ತುಂಬುವ ಮುನ್ನವೇ, ಚೆಶೈರ್ 76ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥರಾದರು. ಹ್ಯಾಲಿಫ್ಯಾಕ್ಸ್ ವಿಮಾನಗಳು ಆಗ ವಿಪರೀತ ಸಂಖ್ಯೆಯಲ್ಲಿ ನಾಶವಾಗುತ್ತಿದ್ದವು. ವಿಮಾನ ಅತಿ ಭಾರ, ಹೀಗಾಗಿ ಸಾಕಷ್ಟು ಎತ್ತರಕ್ಕೆ ಏರುತ್ತಿಲ್ಲ ಎಂದು ಕಂಡುಕೊಂಡ ಅವರು ಮೂತಿಯ ಮತ್ತು ಬೆನ್ನಿನ ಗನ್ ಗೋಪುರಗಳನ್ನೇ ತೆಗೆಸಿಹಾಕಿದರು. ರಕ್ಷಣೆಗೆಂದು ಇಟ್ಟ ಬಂದೂಕನ್ನು ತೆಗೆಯುವುದು ಮೇಲ್ನೋಟಕ್ಕೆ ವಿಚಿತ್ರ. ಆದರೆ ರಾತ್ರಿಯ ಕತ್ತಲಲ್ಲಿ ಆ ಬಂದೂಕು ಉಪಯೋಗಕ್ಕೆ ಬರುವುದಕ್ಕಿಂತ ಅದರ ಭಾರ ಮತ್ತು ಗಾಳಿಯ ತಡೆ ಮಾಡುವ ಹಾನಿಯೇ ಹೆಚ್ಚು ಎಂಬುದು ಅವರ ಲೆಕ್ಕ.

ನೆಲದ ಮೇಲಿನ ಮೆಕ್ಯಾನಿಕ್‌ಗಳೂ ಸೇರಿದಂತೆ ತಮ್ಮ ಕೈಕೆಳಗಿನವರನ್ನು ಹೆಸರು ಹಿಡಿದು ಮಾತನಾಡಿಸುವ ಮುಖ್ಯಸ್ಥರೆಂದು ಅವರು ಹೆಸರಾದರು. ಇದರ ಇನ್ನೊಂದು ಮುಖವನ್ನು ಮರೆಮಾಚಬಾರದು. ಭಯದಿಂದ ಹಾರಲಾಗದೆ ಹೋದವರನ್ನು ಆಗಿನ ವಾಯುಪಡೆ 'ನೈತಿಕ ಸ್ಥೈರ್ಯದ ಕೊರತೆ' ಎಂಬ ಕಳಂಕ ಹಚ್ಚಿ ಹೊರಹಾಕುತ್ತಿತ್ತು. ಒಬ್ಬನ ಭಯ ಉಳಿದವರಿಗೆ ಹರಡಬಾರದೆಂದು ಇಂಥ ಪ್ರಕರಣಗಳಲ್ಲಿ ತಾನು ನಿರ್ದಯನಾಗಿದ್ದೆ ಎಂದು ಚೆಶೈರ್ ಅವರೇ ಮುಂದೆ ಹೇಳಿಕೊಂಡಿದ್ದಾರೆ.

1943ರಲ್ಲಿ ಅವರನ್ನು ಗ್ರೂಪ್ ಕ್ಯಾಪ್ಟನ್ ದರ್ಜೆಗೆ ಏರಿಸಿ ಮಾರ್ಸ್ಟನ್ ಮೂರ್ ನೆಲೆಯ ಆಡಳಿತ ವಹಿಸಿದರು. ಆಗ ವಾಯುಪಡೆಯಲ್ಲಿ ಆ ದರ್ಜೆಯ ಅತಿ ಕಿರಿಯ ಅಧಿಕಾರಿ ಅವರೇ. ಎಲ್ಲರೂ ಬಯಸುವ ಬಡ್ತಿ ಅದು, ಆದರೆ ಮೇಜಿನ ಮುಂದೆ ಕೂರುವ ಕೆಲಸ. ಕೆಲವೇ ತಿಂಗಳಲ್ಲಿ ಅವರು ತಮ್ಮ ದರ್ಜೆಯನ್ನು ಕೆಳಗಿಳಿಸಿ ಮತ್ತೆ ಹಾರಲು ಬಿಡಿ ಎಂದು ಕೇಳಿಕೊಂಡರು. ಹಾಗೆ ಅವರು ಬಂದು ಸೇರಿದ್ದು, ಅದೇ ವರ್ಷದ ಮೇ ತಿಂಗಳಲ್ಲಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆದು ಪ್ರಸಿದ್ಧವಾಗಿದ್ದ 617ನೇ ಸ್ಕ್ವಾಡ್ರನ್‌ಗೆ.

## 350 ಗಜಗಳ ಪಾಠ

ಈ ಸ್ಕ್ವಾಡ್ರನ್ ಬಳಿ ಬಾಂಬನ್ನು ಬಹಳ ಕರಾರುವಾಕ್ಕಾಗಿ ಬಿಡಲು ನೆರವಾಗುವ ಹೊಸ ಗುರಿಯಂತ್ರವಿತ್ತು. ಆದರೆ ರಾತ್ರಿಯಲ್ಲಿ ಗುರಿಯೇ ಕಾಣದಿದ್ದರೆ ಯಂತ್ರ ಏನು ಮಾಡೀತು? ಅದಕ್ಕಾಗಿ ಮುಂಚಿತವಾಗಿ ಒಂದು ವಿಮಾನ ಹೋಗಿ ಗುರಿಯ ಮೇಲೆ ಬಣ್ಣದ ಬೆಂಕಿ ಉರಿಯುವ ಗುರುತುಬಾಂಬ್‌ಗಳನ್ನು ಹಾಕುತ್ತಿತ್ತು, ಹಿಂದೆ ಬರುವ ವಿಮಾನಗಳು ಆ ಬೆಳಕಿಗೆ ಗುರಿಯಿಡುತ್ತಿದ್ದವು. ಈ ಗುರುತು ಹಾಕುವ ಕೆಲಸವನ್ನು 1942ರಿಂದ ಪಾತ್‌ಫೈಂಡರ್ ಎಂಬ ವಿಶೇಷ ದಳ ಮಾಡುತ್ತಿತ್ತು. ಅವರು ರೇಡಿಯೊ ಸಂಕೇತಗಳ ನೆರವಿನಿಂದ ಬಹು ಎತ್ತರದಲ್ಲಿ ಹಾರುತ್ತಲೇ ಗುರುತು ಹಾಕುತ್ತಿದ್ದರು.

1943ರ ಡಿಸೆಂಬರ್‌ನಲ್ಲಿ ಉತ್ತರ ಫ್ರಾನ್ಸಿನ ಅಬೆವಿಲ್ ಬಳಿ ಜರ್ಮನರು ಕಟ್ಟುತ್ತಿದ್ದ, ಪೈಲಟ್ ಇಲ್ಲದೆ ಹಾರಿಹೋಗಿ ಬೀಳುವ ಹಾರುಬಾಂಬ್‌ಗಳ ಉಡಾವಣಾ ತಾಣವೊಂದರ ಮೇಲೆ ದಾಳಿ ನಡೆಯಿತು. 617ರವರು ಬಿಟ್ಟ ಬಾಂಬ್‌ಗಳೆಲ್ಲ ಗುರುತಿನ ಸುತ್ತ ಸುಮಾರು 100 ಗಜಗಳೊಳಗೇ ಬಿದ್ದವು, ಇದು ಅಂದಿನ ಮಟ್ಟಿಗೆ ಅಸಾಧಾರಣ ಸಾಧನೆ. ತಾಣಕ್ಕೆ ಮಾತ್ರ ಏನೂ ಆಗಲಿಲ್ಲ. ಏಕೆಂದರೆ ಗುರುತೇ 350 ಗಜ ಆಚೆ ಬಿದ್ದಿತ್ತು. ಒಂದು ನಗರದ ಮೇಲಿನ ದಾಳಿಗೆ 350 ಗಜ ದೊಡ್ಡ ವ್ಯತ್ಯಾಸವಲ್ಲ, ಒಂದು ಕಟ್ಟಡದ ಮೇಲಿನ ದಾಳಿಗೆ ಅದೇ ಎಲ್ಲವೂ.

ಚೆಶೈರ್ ಅವರ ಜೀವನದಲ್ಲಿ ಅತ್ಯಂತ ಗಮನಿಸಬೇಕಾದ ಘಟ್ಟ ಇದೇ ಎಂದು ನನಗನಿಸುತ್ತದೆ. ಅವರು ತಲುಪಿದ ತೀರ್ಮಾನ ಹೇಳಲು ಸರಳ, ಮಾಡಲು ಭಯಂಕರ. ಗುರುತು ಹಾಕುವವನು ಗುರಿಯನ್ನು ಕಣ್ಣಾರೆ ಕಾಣುವಷ್ಟು ಕೆಳಗಿಳಿಯಬೇಕು, ಅಂದರೆ ಕೆಲವು ನೂರು ಅಡಿಗಳಿಗೆ. ನೆಲದ ಮೇಲಿನ ಪ್ರತಿಯೊಂದು ತೋಪೂ ಆಗ ಆ ಒಂದೇ ವಿಮಾನದ ಕಡೆ ತಿರುಗುತ್ತದೆ. ತುಕಡಿಯ ಇತರ ಅನುಭವಿ ಪೈಲಟ್‌ಗಳ ಜೊತೆಗೂಡಿ ಅವರು ಭಾರದ ಲ್ಯಾಂಕಾಸ್ಟರ್‌ನಲ್ಲೇ ಇದನ್ನು ಪ್ರಯೋಗಿಸಿದರು. ಪಾತ್‌ಫೈಂಡರ್ ದಳದ ಮುಖ್ಯಸ್ಥ ಡಾನ್ ಬೆನೆಟ್ ಇದನ್ನು ಒಪ್ಪಲಿಲ್ಲ, ಚೆಶೈರ್ ಅವರ ಮೇಲಧಿಕಾರಿ ರಾಲ್ಫ್ ಕಾಕ್ರನ್ ಬೆಂಬಲಿಸಿದರು.

ವಿಧಾನದ ಬೆಲೆ ತಿಳಿದದ್ದು 1944ರ ಫೆಬ್ರವರಿ 8ರ ರಾತ್ರಿ, ಫ್ರಾನ್ಸಿನ ಲಿಮೋಜ್ ನಗರದಲ್ಲಿ. ಜರ್ಮನರಿಗಾಗಿ ವಿಮಾನದ ಎಂಜಿನ್ ತಯಾರಿಸುತ್ತಿದ್ದ ಅಲ್ಲಿನ ನೋಮ್ ಎ ರೋನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಗೆ ನೂರಾರು ಫ್ರೆಂಚ್ ಹೆಣ್ಣುಮಕ್ಕಳು ದುಡಿಯುತ್ತಿದ್ದರು. ಅವರು ಶತ್ರುಗಳಲ್ಲ, ಆಕ್ರಮಿತ ದೇಶದ ಜನ. ಚೆಶೈರ್ ಮೊದಲು ಬಾಂಬ್ ಹಾಕಲಿಲ್ಲ. ಕಾರ್ಖಾನೆಯ ಚಾವಣಿಯನ್ನು ಸವರುವಷ್ಟು ತಗ್ಗಿನಲ್ಲಿ ತಮ್ಮ ಲ್ಯಾಂಕಾಸ್ಟರ್ ಅನ್ನು ಮೂರು ಬಾರಿ ಹಾರಿಸಿದರು. ನಾಲ್ಕು ಎಂಜಿನ್‌ಗಳ ಆ ಸದ್ದಿನ ಅರ್ಥ ಒಳಗಿನವರಿಗೆ ತಿಳಿಯಿತು, ಕೆಲಸಗಾರರು ಹೊರಗೋಡಿದರು. ಅದಾದ ಮೇಲೆ ಅವರು ಮತ್ತೆ ಬಂದು ಬೆಂಕಿಯ ಗುರುತನ್ನು ಕಟ್ಟಡದ ಮಧ್ಯಕ್ಕೇ ಬೀಳಿಸಿದರು. ಹಿಂದೆ ಬಂದ ವಿಮಾನಗಳ ಬಾಂಬ್‌ಗಳು ಕಾರ್ಖಾನೆಯನ್ನು ಹಾಳುಗೆಡವಿದವು. ಎಚ್ಚರಿಕೆ ಕೊಟ್ಟು ಹೊಡೆಯುವುದೆಂದರೆ ಕೆಳಗಿನ ತೋಪಿನವರಿಗೂ ಎಚ್ಚರಿಕೆ ಕೊಟ್ಟಂತೆಯೇ ಎಂಬುದನ್ನು ಇಲ್ಲಿ ನೆನೆಯಬೇಕು.

ಲ್ಯಾಂಕಾಸ್ಟರ್ ಇಂಥ ಕೆಲಸಕ್ಕೆ ತೀರಾ ದೊಡ್ಡದೆಂದು ಅವರು ಮುಂದೆ ಮಸ್ಕಿಟೊ ವಿಮಾನ ಪಡೆದರು. ಮರದ ಒಡಲಿನ, ಇಬ್ಬರೇ ಕೂರುವ, ಬಹಳ ವೇಗದ ವಿಮಾನವದು. ಏಪ್ರಿಲ್ 24ರ ರಾತ್ರಿ ಮ್ಯೂನಿಕ್‌ನಲ್ಲಿ ಅದರ ನಿಜವಾದ ಪರೀಕ್ಷೆ ನಡೆಯಿತು. ನೂರಾರು ತೋಪುಗಳ, ಶೋಧಕ ದೀಪಗಳ ಕಾವಲಿದ್ದ ನಗರವದು. ದೀಪಗಳ ಬೆಳಕು ಕಣ್ಣು ಕುಕ್ಕುತ್ತಿದ್ದಾಗಲೇ ಅವರು 700 ಅಡಿಗೆ ಧುಮುಕಿ ಗುರುತು ಹಾಕಿದರು. ಬಳಿಕವೂ ತಕ್ಷಣ ಮರಳದೆ ಉಳಿದವರ ದಾಳಿ ಸರಿಯಾಗಿ ನಡೆಯುತ್ತಿದೆಯೇ ಎಂದು 1,000 ಅಡಿ ಎತ್ತರದಲ್ಲೇ ಸುತ್ತುತ್ತ ನೋಡಿದರು. ನಗರ ಬಿಟ್ಟ ಮೇಲೂ 12 ನಿಮಿಷಗಳ ಕಾಲ ಗುಂಡಿನ ಮಳೆ ಅವರನ್ನು ಹಿಂಬಾಲಿಸಿತೆಂದು ವಿಕ್ಟೋರಿಯಾ ಕ್ರಾಸ್ ಪದಕದ ಅಧಿಕೃತ ಪ್ರಕಟಣೆ ಹೇಳುತ್ತದೆ.

ಜೂನ್‌ನಲ್ಲಿ ಇನ್ನೂ ಚಿಕ್ಕದಾದ, ಒಬ್ಬನೇ ಕೂರುವ ಅಮೆರಿಕನ್ ಮಸ್ಟಾಂಗ್ ಫೈಟರ್ ಬಂತು. ಅದನ್ನು ಅವರು ಮೊದಲ ಬಾರಿಗೆ ಹಾರಿಸಿದ್ದೇ ಸಿರಾಕೂರ್ ಎಂಬಲ್ಲಿನ ದಾಳಿಗೆ ಗುರುತು ಹಾಕಲು.

## ಬಾಂಬ್ ಹಾಕದೆ ಗೆದ್ದ ರಾತ್ರಿ

1944ರ ಜೂನ್ 5ರ ರಾತ್ರಿ, ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿಯುವ ಹಿಂದಿನ ಹೊತ್ತು, 617ರವರಿಗೆ ಕೊಟ್ಟ ಕೆಲಸದಲ್ಲಿ ಬಾಂಬೇ ಇರಲಿಲ್ಲ. ಹಡಗುಗಳ ದೊಡ್ಡ ದಂಡೊಂದು ಇಳಿಯಬೇಕಿದ್ದ ತೀರಕ್ಕಲ್ಲ, ಅದರಿಂದ ಈಶಾನ್ಯಕ್ಕಿರುವ ಕಾಪ್ ದ ಆಂಟಿಫರ್ ಕಡೆಗೆ ಬರುತ್ತಿದೆ ಎಂದು ಜರ್ಮನ್ ರೇಡಾರ್‌ಗಳನ್ನು ನಂಬಿಸಬೇಕಿತ್ತು. ರೇಡಾರ್ ರೇಡಿಯೊ ಅಲೆಗಳನ್ನು ಕಳುಹಿಸಿ, ವಸ್ತುವಿಗೆ ತಾಗಿ ಮರಳುವ ಅಲೆಯಿಂದ ಅದರ ಇರವನ್ನು ತಿಳಿಯುತ್ತದೆ. ಲೋಹದ ತೆಳು ಪಟ್ಟಿಗಳನ್ನು ಗಾಳಿಯಲ್ಲಿ ಚೆಲ್ಲಿದರೆ ಅವೂ ಅಲೆಗಳನ್ನು ಹಿಂದಿರುಗಿಸುತ್ತವೆ. ಆದರೆ ಹಡಗು ನಿಧಾನ, ವಿಮಾನ ಅತಿ ವೇಗ. ಆದ್ದರಿಂದ ಲ್ಯಾಂಕಾಸ್ಟರ್‌ಗಳು ಸಾಲಾಗಿ ಉದ್ದನೆಯ ಸುತ್ತು ಹೊಡೆಯುತ್ತ, ಪ್ರತಿ ಸುತ್ತಿಗೂ ಸ್ವಲ್ಪವೇ ಮುಂದೆ ಸರಿಯುತ್ತ, ಸೆಕೆಂಡುಗಳ ಲೆಕ್ಕದಲ್ಲಿ ಪಟ್ಟಿಯ ಕಟ್ಟುಗಳನ್ನು ಬಿಡುತ್ತ ಗಂಟೆಗಟ್ಟಲೆ ಹಾರಿದವು. ಒಬ್ಬ ಪೈಲಟ್ ತನ್ನ ಸುತ್ತನ್ನು ತುಸು ಬೇಗ ಮುಗಿಸಿದರೂ ರೇಡಾರ್ ಪರದೆಯ ಮೇಲೆ 'ಹಡಗು' ನೆಗೆದಂತೆ ಕಂಡು ಮೋಸ ಬಯಲಾಗುತ್ತಿತ್ತು. ಇದಕ್ಕಾಗಿ ವಾರಗಟ್ಟಲೆ ಅಭ್ಯಾಸ ನಡೆದಿತ್ತು.

ಮೂರೇ ದಿನಗಳ ನಂತರ, ಜೂನ್ 8ರ ರಾತ್ರಿ, ಜರ್ಮನ್ ಟ್ಯಾಂಕುಗಳು ನಾರ್ಮಂಡಿಗೆ ಬರಬೇಕಿದ್ದ ಸೊಮ್ಯೂರ್ ರೈಲು ಸುರಂಗವನ್ನು ಟಾಲ್‌ಬಾಯ್ ಎಂಬ 12,000 ಪೌಂಡ್ ಬಾಂಬ್‌ಗಳಿಂದ ಮುಚ್ಚಲಾಯಿತು. ಎಂಜಿನಿಯರ್ ಬಾರ್ನ್ಸ್ ವಾಲಿಸ್ ರೂಪಿಸಿದ ಈ ಬಾಂಬ್ ನೆಲದಾಳಕ್ಕೆ ಹೊಕ್ಕ ಮೇಲೆ ಸಿಡಿಯುತ್ತದೆ. ಒಂದು ಬಾಂಬ್ ಗುಡ್ಡವನ್ನೇ ಕೊರೆದು ಸುರಂಗದೊಳಗೆ ಸಿಡಿಯಿತು. ಗುರುತು ಹಾಕಿದವರು ಚೆಶೈರ್. ಜುಲೈ 6ರಂದು ಉತ್ತರ ಫ್ರಾನ್ಸಿನ ಮಿಮೊಯೆಕ್ ಮೇಲಿನ ದಾಳಿ ಮುಗಿದ ಬಳಿಕ ಅವರನ್ನು ಮೇಲಧಿಕಾರಿಗಳೇ ಹಾರಾಟದಿಂದ ಬಿಡಿಸಿದರು.

## ಪದಕಗಳನ್ನು ಓದುವುದು ಹೇಗೆ?

ವಿಕ್ಟೋರಿಯಾ ಕ್ರಾಸ್ 1856ರಲ್ಲಿ ಆರಂಭವಾದ, ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ, ನಮ್ಮ ಪರಮವೀರ ಚಕ್ರದ ಸ್ಥಾನದಲ್ಲಿರುವಂಥದ್ದು. ಅದರ ಕೆಳಗೆ ನಾಯಕತ್ವಕ್ಕೆ ಕೊಡುವ ಡಿಎಸ್‌ಒ, ಹಾರಾಟದಲ್ಲಿನ ಶೌರ್ಯಕ್ಕೆ ಅಧಿಕಾರಿಗಳಿಗೆ ಕೊಡುವ ಡಿಎಫ್‌ಸಿ ಇವೆ. ಒಂದೇ ಪದಕ ಎರಡನೇ ಬಾರಿ ಬಂದರೆ ಹೊಸ ಪದಕದ ಬದಲು ಅದರ ಪಟ್ಟಿಗೆ ಒಂದು ಅಡ್ಡಪಟ್ಟಿ ಸೇರಿಸುತ್ತಾರೆ, ಅದೇ 'ಬಾರ್'. ಚೆಶೈರ್ ಅವರಿಗೆ ಡಿಎಸ್‌ಒ ಜೊತೆ ಎರಡು ಬಾರ್, ಒಂದು ಡಿಎಫ್‌ಸಿ ಮತ್ತು ವಿಕ್ಟೋರಿಯಾ ಕ್ರಾಸ್ ಬಂದವು.

ವಿಕ್ಟೋರಿಯಾ ಕ್ರಾಸ್ ಸಾಮಾನ್ಯವಾಗಿ ಒಂದು ನಿರ್ದಿಷ್ಟ ಸಾಹಸಕ್ಕೆ ದೊರೆಯುತ್ತದೆ. ನಾರ್ಮನ್ ಜಾಕ್ಸನ್ ಎಂಬ ಫ್ಲೈಟ್ ಎಂಜಿನಿಯರ್ ಇದಕ್ಕೆ ಒಳ್ಳೆಯ ಉದಾಹರಣೆ. 1944ರ ಏಪ್ರಿಲ್‌ನಲ್ಲಿ ಶ್ವೈನ್‌ಫುರ್ಟ್ ದಾಳಿಯ ವೇಳೆ ಅವರು ಹಾರುತ್ತಿರುವ ಲ್ಯಾಂಕಾಸ್ಟರ್‌ನಿಂದ ಹೊರಬಂದು, ಬೆಂಕಿ ಆರಿಸುವ ಸಾಧನ ಹಿಡಿದು ಉರಿಯುವ ರೆಕ್ಕೆಯ ಮೇಲೆ ತೆವಳಿದರು. ಚೆಶೈರ್ ಅವರಿಗೆ 1944ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಪದಕ ಇಂಥ ಒಂದು ರಾತ್ರಿಯದಲ್ಲ. ಮ್ಯೂನಿಕ್ ದಾಳಿಯನ್ನು ಉದಾಹರಣೆಯಾಗಿ ಹೆಸರಿಸಿದರೂ, ನಾಲ್ಕು ವರ್ಷಗಳ ಕಾಲ ಪದೇ ಪದೇ ಅತಿ ಅಪಾಯದ ಸ್ಥಾನವನ್ನೇ ತಮಗಾಗಿ ಆರಿಸಿಕೊಂಡರೆಂಬುದು ಅದಕ್ಕೆ ಕೊಟ್ಟ ಕಾರಣ. ಮೊದಲ ಸಲ ಹೋಗುವವನಿಗೆ ಅಪಾಯದ ಪೂರ್ಣ ಅರಿವು ಇರದಿರಬಹುದು. ತೊಂಬತ್ತನೆಯ ಸಲ ಹೋಗುವವನಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ, ಹಿಂದೆ ಸರಿಯುವ ಹಕ್ಕೂ ಇರುತ್ತದೆ. ಚೆಶೈರ್ ಮತ್ತು ಜಾಕ್ಸನ್ ಇಬ್ಬರೂ ಅರಮನೆಯಲ್ಲಿ ಒಂದೇ ದಿನ ಪದಕ ಸ್ವೀಕರಿಸಿದರು. ಜಾಕ್ಸನ್ ತನಗಿಂತ ಹೆಚ್ಚು ಜೀವ ಪಣಕ್ಕಿಟ್ಟವರು, ಅವರಿಗೇ ಮೊದಲು ಕೊಡಬೇಕೆಂದು ಚೆಶೈರ್ ರಾಜನ ಮುಂದೆ ಹೇಳಿದ್ದನ್ನು ಜಾಕ್ಸನ್ ನೆನಪಿಸಿಕೊಂಡಿದ್ದಾರೆ.

## ನಾಗಸಾಕಿ, ಮತ್ತು ಅದರ ನಂತರ

1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದಾಗ ಚೆಶೈರ್ ಬ್ರಿಟನ್ನಿನ ವೀಕ್ಷಕರಾಗಿ, ವಿಜ್ಞಾನಿ ವಿಲಿಯಂ ಪೆನ್ನಿ ಅವರೊಂದಿಗೆ ಅಮೆರಿಕದ ಜೊತೆವಿಮಾನವೊಂದರಲ್ಲಿದ್ದರು. ಬಾಂಬ್ ಹೊತ್ತ ವಿಮಾನವನ್ನು ಸೇರಬೇಕಿದ್ದ ಜಾಗದಲ್ಲಿ ಅವರ ವಿಮಾನ ಅದನ್ನು ತಪ್ಪಿಸಿಕೊಂಡಿತು. ಆದ್ದರಿಂದ ಅವರು ಆ ಮೋಡವನ್ನು ಕಂಡದ್ದು ಬಹು ದೂರದಿಂದ. ಈ ದೃಶ್ಯದ ಪ್ರಾಯಶ್ಚಿತ್ತವಾಗಿಯೇ ಅವರು ಸೇವೆಗೆ ಇಳಿದರೆಂಬ ಕಥೆ ವ್ಯಾಪಕವಾಗಿದೆ, ಆದರೆ ಆ ವಿವರಣೆಯನ್ನು ಅವರು ಒಪ್ಪಲಿಲ್ಲ. ಬಾಂಬ್ ಯುದ್ಧವನ್ನು ಕೊನೆಗಾಣಿಸಿತೆಂದೇ ಅವರು ವಾದಿಸುತ್ತ ಬಂದರು.

ನಡೆದದ್ದು ಬೇರೆ. ಸೇನೆ ಬಿಟ್ಟು, ಮಾಜಿ ಸೈನಿಕರು ಒಟ್ಟಾಗಿ ದುಡಿದು ಬದುಕುವ ಒಂದು ಸಮುದಾಯ ಕಟ್ಟಲು ಹೋಗಿ ಸಾಲದಲ್ಲಿ ಸೋತ ಅವರ ಬಳಿ 1948ರಲ್ಲಿ ಉಳಿದಿದ್ದುದು ಹ್ಯಾಂಪ್‌ಷೈರಿನ ಲೆ ಕೋರ್ಟ್ ಎಂಬ ದೊಡ್ಡ ಹಳೆಯ ಮನೆ. ಆ ಸಮುದಾಯದಲ್ಲಿ ಹಂದಿ ಸಾಕುತ್ತಿದ್ದ, ವಾಯುಪಡೆಯಲ್ಲೂ ಇದ್ದ ಆರ್ಥರ್ ಡೈಕ್ಸ್ ಎಂಬವರು ಕ್ಯಾನ್ಸರ್‌ನಿಂದ ಸಾಯುವ ಸ್ಥಿತಿಯಲ್ಲಿದ್ದರು, ಆಸ್ಪತ್ರೆಯಿಂದ ಹೊರಬಂದರೆ ಹೋಗಲು ಜಾಗವಿರಲಿಲ್ಲ. ಡೈಕ್ಸ್ ಅವರನ್ನು ಚೆಶೈರ್ ಮನೆಗೆ ಕರೆತಂದು, ತಾವೇ ಮೈ ತೊಳೆಸಿ, ಉಣಿಸಿ, ಕೊನೆಯವರೆಗೂ ನೋಡಿಕೊಂಡರು. ಆ ವೇಳೆಗೆ ಸುದ್ದಿ ಹರಡಿ ಬೇರೆ ರೋಗಿಗಳು ಬರತೊಡಗಿದ್ದರು. ಅಂಗವೈಕಲ್ಯವಿರುವವರು, ದೀರ್ಘಕಾಲದ ಕಾಯಿಲೆಯವರು ಆಸ್ಪತ್ರೆಯ ವಾರ್ಡಿನ ಬದಲು ಮನೆಯಂಥ ಜಾಗದಲ್ಲಿ ಬಾಳುವ ಚೆಶೈರ್ ಹೋಮ್‌ಗಳು ಹುಟ್ಟಿದ್ದು ಹೀಗೆ. ಎರಡನೆಯದನ್ನು ಕಾರ್ನ್‌ವಾಲ್‌ನ ಪ್ರೆಡಾನಕ್‌ನಲ್ಲಿ, ಯುದ್ಧಕಾಲದ ವಿಮಾನನೆಲೆಯ ಕಟ್ಟಡದಲ್ಲೇ ತೆರೆದರು. 1952ರಿಂದ ಎರಡು ವರ್ಷ ಸ್ವತಃ ಕ್ಷಯರೋಗದಿಂದ ಹಾಸಿಗೆ ಹಿಡಿದರೂ ಕೆಲಸ ಪತ್ರಗಳ ಮೂಲಕ ನಡೆಯಿತು.

ಹೊರದೇಶದಲ್ಲಿ ಮೊದಲ ಹೋಮ್ ತೆರೆದದ್ದು ಭಾರತದಲ್ಲಿ, 1950ರ ದಶಕದ ನಡುವಿನಲ್ಲಿ, ಮುಂಬಯಿಯ ಅಂಧೇರಿಯಲ್ಲಿ. ಯುದ್ಧಾನಂತರದ ಯುರೋಪಿನಲ್ಲಿ ನಿರಾಶ್ರಿತರ ಸೇವೆ ಮಾಡುತ್ತಿದ್ದ ಸ್ಯೂ ರೈಡರ್ ಅವರನ್ನು ಚೆಶೈರ್ 1959ರ ಏಪ್ರಿಲ್ 5ರಂದು ಮದುವೆಯಾದದ್ದೂ ಮುಂಬಯಿಯಲ್ಲೇ. ದಂಪತಿ ಸೇರಿ ಡೆಹ್ರಾಡೂನ್‌ನಲ್ಲಿ ಕುಷ್ಠರೋಗಿಗಳಿಗೆ ಮತ್ತು ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳಿಗೆ ರಾಫೆಲ್ ಎಂಬ ಕೇಂದ್ರ ಸ್ಥಾಪಿಸಿದರು. ಕರ್ನಾಟಕದಲ್ಲಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಚೆಶೈರ್ ಹೋಮ್, ಕೊಡಗಿನ ಪಾಲಿಬೆಟ್ಟದಲ್ಲಿ ವಿಶೇಷ ಮಕ್ಕಳಿಗಾಗಿ ನಡೆಯುವ ಶಾಲೆ ಇದೇ ಪರಂಪರೆಗೆ ಸೇರಿದವು. 1992ರ ಜುಲೈ 31ರಂದು, ಸ್ನಾಯುಗಳ ಶಕ್ತಿಯನ್ನು ಒಂದೊಂದಾಗಿ ಕಸಿಯುವ ಮೋಟಾರ್ ನ್ಯೂರಾನ್ ಕಾಯಿಲೆಯಿಂದ ಚೆಶೈರ್ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಅವರೂ ತಮ್ಮ ಹೋಮ್‌ಗಳ ನಿವಾಸಿಗಳಂತೆಯೇ ಇತರರ ಆರೈಕೆಯನ್ನು ಅವಲಂಬಿಸಿದ್ದರು.